ಮೊದಲು ಕಟ್ಟಡ, ಆಮೇಲೆ ಬಂದೂಕು

1997ರ ಆಗಸ್ಟ್‌ನಲ್ಲಿ ‘ಗೋಲ್ಡನ್‌ಐ 007’ ಎಂಬ ವಿಡಿಯೋ ಗೇಮ್ ಅಮೆರಿಕದ ಅಂಗಡಿಗಳಿಗೆ ಬಂದಾಗ ಅದರ ಮೇಲೆ ದೊಡ್ಡ ನಿರೀಕ್ಷೆಯೇನೂ ಇರಲಿಲ್ಲ. ಅದು ಹೆಸರು ಹೊತ್ತಿದ್ದ ಜೇಮ್ಸ್ ಬಾಂಡ್ ಸಿನಿಮಾ 1995ರ ನವೆಂಬರ್‌ನಲ್ಲೇ ತೆರೆಗೆ ಬಂದು ಹೋಗಿತ್ತು. ಸಿನಿಮಾ ಆಧರಿಸಿದ ಆಟವೆಂದರೆ ಪೋಸ್ಟರಿನ ಬಲದಲ್ಲಿ ಮಾರಾಟವಾಗುವ ಸರಕು ಎಂಬ ಅಭಿಪ್ರಾಯ ಆ ಹೊತ್ತಿಗೆ ಗಟ್ಟಿಯಾಗಿತ್ತು. ಇದನ್ನು ಮಾಡಿದ್ದು ಇಂಗ್ಲೆಂಡಿನ ಲೆಸ್ಟರ್‌ಶೈರ್‌ನ ಟ್ವೈಕ್ರಾಸ್ ಎಂಬ ಹಳ್ಳಿಯಲ್ಲಿದ್ದ ರೇರ್ ಕಂಪನಿಯ ಒಂದು ಪುಟ್ಟ ತಂಡ. ಹತ್ತು ಜನರ ಆಸುಪಾಸಿನ ಆ ತಂಡದಲ್ಲಿ ಹೆಚ್ಚಿನವರಿಗೆ ಅದು ಮೊದಲ ಆಟ. ನಿಂಟೆಂಡೊ 64 ಎಂಬ ಒಂದೇ ಯಂತ್ರದಲ್ಲಿ ಓಡುತ್ತಿದ್ದ ಆ ಆಟದ 80 ಲಕ್ಷಕ್ಕೂ ಹೆಚ್ಚು ಪ್ರತಿಗಳು ಖರ್ಚಾದವು. 2025ರಲ್ಲಿ ಅದು ಅಮೆರಿಕದ ರಾಚೆಸ್ಟರ್ ನಗರದಲ್ಲಿರುವ ವರ್ಲ್ಡ್ ವಿಡಿಯೋ ಗೇಮ್ ಹಾಲ್ ಆಫ್ ಫೇಮ್‌ಗೂ ಸೇರಿತು. ಇಷ್ಟು ವರ್ಷ ಅದು ಜನರ ನೆನಪಿನಲ್ಲಿ ಉಳಿದಿದ್ದೇಕೆ ಎಂದು ಕೇಳಿದರೆ ಸಾಮಾನ್ಯವಾಗಿ ಬಾಂಡ್‌ನ ಹೆಸರು, ಬಂದೂಕುಗಳ ವೈವಿಧ್ಯ, ಗೆಳೆಯರೊಂದಿಗೆ ಕೂತು ಆಡಿದ ಸಂಭ್ರಮ ಇವೇ ಕಾರಣಗಳಾಗಿ ಬರುತ್ತವೆ. ನನ್ನ ವಾದ ಬೇರೆ. ಆ ತಂಡ ಮೊದಲು ಜಾಗಗಳನ್ನು ಕಟ್ಟಿತು, ಆ ಜಾಗದಲ್ಲಿ ಆಟಗಾರ ಏನು ಮಾಡಬೇಕು ಎನ್ನುವುದನ್ನು ಆಮೇಲೆ ಯೋಚಿಸಿತು. ಕೆಲಸದ ಈ ತಿರುವುಮುರುವು ಕ್ರಮವೇ ಒಂದು ಗುಂಡಿನಾಟವನ್ನು ಗೂಢಚಾರಿಕೆಯ ಆಟವನ್ನಾಗಿ ಮಾಡಿತು.

ಈ ಬಗೆಯ ಆಟಗಳನ್ನು ಆಡದವರಿಗೆ ಮೊದಲು ಒಂದಿಷ್ಟು ಹಿನ್ನೆಲೆ ಬೇಕು. ಫಸ್ಟ್ ಪರ್ಸನ್ ಶೂಟರ್ ಎಂದರೆ ಪರದೆಯೇ ಆಟಗಾರನ ಕಣ್ಣಾಗಿರುವ ಆಟ. ನಾಯಕನ ಮುಖ, ಮೈ ಕಾಣುವುದಿಲ್ಲ; ಪರದೆಯ ಕೆಳಭಾಗದಲ್ಲಿ ಬಂದೂಕು ಹಿಡಿದ ಅವನ ಕೈ ಮಾತ್ರ ಕಾಣುತ್ತದೆ. ಈ ಪ್ರಕಾರವನ್ನು ಜನಪ್ರಿಯಗೊಳಿಸಿದ್ದು ಅಮೆರಿಕದ ಟೆಕ್ಸಾಸ್‌ನ ಇಡ್ ಸಾಫ್ಟ್‌ವೇರ್. 1992ರ ‘ವುಲ್ಫೆನ್‌ಸ್ಟೈನ್ 3ಡಿ’, 1993ರ ‘ಡೂಮ್’, 1996ರ ‘ಕ್ವೇಕ್’ ಈ ಮೂರೂ ಅವರವೇ. ಮೂರೂ ಅದ್ಭುತ ವೇಗದ ಆಟಗಳು, ಅವುಗಳ ಕಸುಬುದಾರಿಕೆಯ ಬಗ್ಗೆ ಎರಡು ಮಾತಿಲ್ಲ. ಆದರೆ ಅವುಗಳ ಲೋಕದಲ್ಲಿ ಚಲಿಸುವ ಪ್ರತಿಯೊಂದೂ ಶತ್ರು. ಓಣಿಯಂಥ ದಾರಿ, ಬಣ್ಣದ ಕೀಲಿ, ಆ ಬಣ್ಣದ ಬಾಗಿಲು, ಬಾಗಿಲಾಚೆ ಇನ್ನಷ್ಟು ರಾಕ್ಷಸರು. ಗೋಡೆ ಎಲ್ಲಿ ನಿಂತಿದೆ ಎಂಬುದಕ್ಕೂ, ಮೂಲೆಯಲ್ಲಿ ಮದ್ದುಗುಂಡಿನ ಪೆಟ್ಟಿಗೆ ಏಕಿದೆ ಎಂಬುದಕ್ಕೂ ಉತ್ತರ ಒಂದೇ: ಆಟಗಾರನಿಗಾಗಿ. ಅಂಥ ಲೋಕದಲ್ಲಿ ಗೂಢಚಾರನಿಗೆ ಕೆಲಸವಿಲ್ಲ. 1968ರಲ್ಲಿ ದೊರೈ-ಭಗವಾನ್ ಅವರ ‘ಜೇಡರ ಬಲೆ’ಯಲ್ಲಿ ರಾಜ್‌ಕುಮಾರ್ ಅವರನ್ನು ಸಿಐಡಿ 999 ಆಗಿ ಕಂಡ ಕನ್ನಡದ ಪ್ರೇಕ್ಷಕರಿಗೆ ಬಾಂಡ್ ಮಾದರಿಯ ನಾಯಕ ಹೊಸಬನಲ್ಲ. ತನ್ನದಲ್ಲದ ಜಾಗಕ್ಕೆ ನುಗ್ಗಿ, ಅಲ್ಲಿಯ ನಿಯಮ ಅರಿತು, ಬೇಕಾದ್ದನ್ನು ಪಡೆದು ಹೊರಬರುವುದು ಆ ನಾಯಕನ ಕಸುಬು. ಹಾಗೆ ನುಗ್ಗಬೇಕಾದರೆ ಆ ಜಾಗಕ್ಕೆ ಅವನಿಲ್ಲದಿದ್ದಾಗಲೂ ಒಂದು ಬದುಕು ಇರಬೇಕು. ಶತ್ರುವಿನ ಕಾರ್ಖಾನೆ ಕಾರ್ಖಾನೆಯಾಗಿಯೇ ನಡೆಯುತ್ತಿರಬೇಕು.

ತಂಡ ಮೊದಲಿನಿಂದಲೇ ಇದನ್ನೆಲ್ಲ ಲೆಕ್ಕ ಹಾಕಿ ಹೊರಟಿತ್ತು ಎಂದರೆ ತಪ್ಪಾದೀತು. ರೇರ್ ಕಂಪನಿಗೆ ಬಂದ ಮೊದಲ ಪ್ರಸ್ತಾಪ ಹಳೆಯ ಸೂಪರ್ ನಿಂಟೆಂಡೊ ಯಂತ್ರಕ್ಕೆ ಎಡದಿಂದ ಬಲಕ್ಕೆ ಓಡುವ ಸಾದಾ ಆಟವೊಂದರದು. ಇನ್ನೂ ತಯಾರಿಕೆಯ ಹಂತದಲ್ಲಿದ್ದ ಹೊಸ ಯಂತ್ರಕ್ಕೆ ಮೂರು ಆಯಾಮದ ಆಟ ಮಾಡೋಣ ಎಂದವರು ತಂಡದ ನಾಯಕ ಮಾರ್ಟಿನ್ ಹಾಲಿಸ್. ಅವರ ಕಣ್ಣೆದುರು ಇದ್ದದ್ದು ಡೂಮ್ ಜೊತೆಗೆ ಸೆಗಾ ಕಂಪನಿಯ ‘ವರ್ಚುವಾ ಕಾಪ್’. ಅದು ಆಟಗಾರನನ್ನು ಹಳಿಯ ಮೇಲಿನ ಬಂಡಿಯಂತೆ ತಾನೇ ಮುಂದೆ ಒಯ್ಯುವ, ಅವನಿಗೆ ಗುರಿ ಹಿಡಿಯುವ ಕೆಲಸವನ್ನಷ್ಟೇ ಬಿಡುವ ಆರ್ಕೇಡ್ ಆಟ. ಗೋಲ್ಡನ್‌ಐ ಕೂಡ ಆರಂಭದಲ್ಲಿ ಅದೇ ಮಾದರಿಯಲ್ಲಿ ಯೋಜಿತವಾಗಿತ್ತು. ವರ್ಚುವಾ ಕಾಪ್‌ನಿಂದ ಮೂರು ವಿಷಯಗಳು ಉಳಿದುಕೊಂಡವು: ನಿಖರವಾಗಿ ಗುರಿಯಿಡುವ ಕ್ರಮ, ಗುಂಡು ತಗುಲಿದ ಅಂಗಕ್ಕೆ ತಕ್ಕಂತೆ ಶತ್ರು ತಡವರಿಸುವುದು, ನಿರಪರಾಧಿಯನ್ನು ಕೊಂದರೆ ದಂಡ. ಕೊನೆಯದು ಚಿಕ್ಕ ನಿಯಮದಂತೆ ಕಂಡರೂ ಈ ಕಥೆಯಲ್ಲಿ ಅದರ ಪಾಲು ದೊಡ್ಡದು.

ಚಿತ್ರೀಕರಣ ನಡೆಯುತ್ತಿದ್ದಾಗ ತಂಡದವರು ಹಾರ್ಟ್‌ಫರ್ಡ್‌ಶೈರ್‌ನ ಲೀವ್ಸ್‌ಡನ್‌ಗೆ ಹೋದರು. ಮುಂದೆ ಹ್ಯಾರಿ ಪಾಟರ್ ಚಿತ್ರಗಳಿಂದ ಹೆಸರಾದ ಆ ಸ್ಟುಡಿಯೋ ಅದಕ್ಕೆ ಮೊದಲು ರೋಲ್ಸ್ ರಾಯ್ಸ್‌ನ ವಿಮಾನ ಎಂಜಿನ್ ಕಾರ್ಖಾನೆಯಾಗಿತ್ತು. ಅಲ್ಲಿ ಅವರು ಸೆಟ್‌ಗಳ ಫೋಟೋ ತೆಗೆದರು, ನಕ್ಷೆಗಳನ್ನು ತಂದರು. ಕಾರ್ಲ್ ಹಿಲ್ಟನ್ ಮತ್ತು ಜೊತೆಗಾರರು ಅವನ್ನು ನೋಡಿಕೊಂಡು ಕಂಪ್ಯೂಟರಿನಲ್ಲಿ ಕಟ್ಟಡಗಳನ್ನು ಎಬ್ಬಿಸಿದರು. ಕ್ಯಾಮೆರಾ ಹೋಗದ ಕಡೆ ಸಿನಿಮಾ ಸೆಟ್‌ಗೆ ಗೋಡೆಯೇ ಇರುವುದಿಲ್ಲ. ಆಟದಲ್ಲಿ ಹಾಗಾಗದು, ಆಟಗಾರ ಎಲ್ಲಿಗಾದರೂ ತಿರುಗಿಯಾನು. ಹಾಗಾಗಿ ಸೆಟ್ ಮುಗಿದಲ್ಲಿಂದ ಮುಂದಕ್ಕೆ ಇವರು ತಾವೇ ಕೋಣೆಗಳನ್ನು, ಮೆಟ್ಟಿಲುಗಳನ್ನು, ಹಿಂಬಾಗಿಲುಗಳನ್ನು ಕಟ್ಟುತ್ತ ಹೋದರು. ಆಟಗಾರ ಎಲ್ಲಿಂದ ಒಳಬರುತ್ತಾನೆ, ಕಾವಲುಗಾರ ಎಲ್ಲಿ ನಿಲ್ಲುತ್ತಾನೆ ಎಂಬ ತೀರ್ಮಾನ ಆಗಿನ್ನೂ ಆಗಿರಲಿಲ್ಲ. 2004ರಲ್ಲಿ ಯೂರೋಪಿನ ಆಟ ತಯಾರಕರ ಸಭೆಯೊಂದರಲ್ಲಿ ಹಾಲಿಸ್ ಇದನ್ನೇ ವಿವರಿಸಿ, ಹೀಗೆ ಯೋಜನೆಯಿಲ್ಲದೆ ಕಟ್ಟಿದ್ದರಿಂದಲೇ ಆ ಜಾಗಗಳಿಗೆ ನಿಜದ ಗುಣ ಬಂತು ಎಂದಿದ್ದರು. ಅವರ ಮಾತಿಗೆ ಸಾಕ್ಷಿ ಆಟದಲ್ಲೇ ಸಿಗುತ್ತದೆ. ಮೊದಲ ಹಂತ ಒಂದು ದೊಡ್ಡ ಅಣೆಕಟ್ಟು. ದೂರದರ್ಶಕವಿರುವ ಬಂದೂಕಿನಲ್ಲಿ ನೀರಿನಾಚೆ ನೋಡಿದರೆ ಒಂದು ದ್ವೀಪ, ಅದರ ಮೇಲೊಂದು ಕಾವಲು ಕಟ್ಟೆ ಕಾಣುತ್ತದೆ. ಅಲ್ಲಿಗೆ ಹೋಗಲು ದಾರಿಯಿಲ್ಲ, ಹೋಗಿ ಮಾಡುವುದಕ್ಕೂ ಏನಿಲ್ಲ. ಯಾವುದೋ ಕೈಬಿಟ್ಟ ಯೋಚನೆಯ ಉಳಿಕೆ ಅದು. ಆಟಗಾರರು ವರ್ಷಗಟ್ಟಲೆ ಅದರ ಗುಟ್ಟಿನ ಬಗ್ಗೆ ತಲೆಕೆಡಿಸಿಕೊಂಡರು. ಎರಡನೆಯ ಹಂತದ ರಾಸಾಯನಿಕ ಕಾರ್ಖಾನೆಯಲ್ಲಿ ಆಟಗಾರ ಕೆಳಗಿಳಿಯುವುದು ಗಾಳಿ ಕೊಳವೆಯಿಂದ ಶೌಚಾಲಯಕ್ಕೆ. ಸಾಲಾಗಿ ಬಾಗಿಲು, ಒಳಗೆ ಕಾವಲುಗಾರ, ಹೊರಗೆ ನಡುದಾರಿ. ಇಡ್ ಸಾಫ್ಟ್‌ವೇರ್‌ನ ನರಕಗಳಲ್ಲಿ ಶೌಚಾಲಯ ಇರಬೇಕಾದ ಅಗತ್ಯವಿರಲಿಲ್ಲ. ಜನ ದುಡಿಯುವ ಕಾರ್ಖಾನೆಯಲ್ಲಿ ಅದು ಇರಲೇಬೇಕು.

ಇಂಥ ಜಾಗಕ್ಕೆ ಬಿಟ್ಟ ಆಟಗಾರನ ನಡೆ ತಾನಾಗಿಯೇ ಬದಲಾಗುತ್ತದೆ. ಮೊದಲ ಕಾರಣ ಸದ್ದು. ಬಾಂಡ್‌ನ ಕೈಯಲ್ಲಿರುವ ಪಿಪಿ7 ಪಿಸ್ತೂಲಿಗೆ ಸೈಲೆನ್ಸರ್ ಇದೆ. ಸತ್ತ ಕಾವಲುಗಾರನಿಂದ ಕಸಿದ ರೈಫಲ್‌ಗೆ ಇಲ್ಲ. ರೈಫಲ್ ಬಲವಾದದ್ದು ನಿಜ, ಆದರೆ ಅದರ ಸದ್ದು ಕೇಳಿ ಅಕ್ಕಪಕ್ಕದ ಕಾವಲುಗಾರರು ಓಡಿಬರುತ್ತಾರೆ. ಹಾಗಾಗಿ ಆಟಗಾರ ಪ್ರತಿ ತಿರುವಿನಲ್ಲೂ ಬಲ ಬೇಕೋ ಮೌನ ಬೇಕೋ ಎಂದು ಅಳೆಯಬೇಕು. ಎರಡನೆಯದು ಸೈರನ್. ಗೋಡೆಯ ಮೇಲಿನ ಗುಂಡಿಯತ್ತ ಒಬ್ಬ ಓಡುತ್ತಿದ್ದರೆ ಎದುರಿಗಿರುವವನನ್ನು ಬಿಟ್ಟು ಅವನನ್ನೇ ಮೊದಲು ತಡೆಯಬೇಕು. ತಡೆಯದಿದ್ದರೆ ಜನ ಬರುತ್ತಲೇ ಇರುತ್ತಾರೆ. ಕ್ಯಾಮೆರಾಗಳು ತಿರುಗುತ್ತಿರುತ್ತವೆ, ಅವುಗಳ ಕಣ್ಣಿಗೆ ಬೀಳುವ ಮೊದಲೇ ಅವನ್ನು ಒಡೆಯಬೇಕು. ದೂರದರ್ಶಕದ ಬಂದೂಕಂತೂ ಕೊಲ್ಲುವುದಕ್ಕಿಂತ ನೋಡುವುದಕ್ಕೇ ಹೆಚ್ಚು ಉಪಯೋಗಿ. ಅಣೆಕಟ್ಟಿನ ಮೊದಲ ಗೋಪುರ ಹತ್ತಿ ಅದನ್ನು ಕೈಗೆತ್ತಿಕೊಂಡ ಆಟಗಾರ ಮುಂದಿನ ಸುರಂಗದ ಬಾಯಲ್ಲಿ ಯಾರಿದ್ದಾರೆ, ಲಾರಿ ಎಲ್ಲಿದೆ, ಗೇಟು ತೆರೆದಿದೆಯೇ ಎಂದು ಮೊದಲು ಕಣ್ಣಾಡಿಸುತ್ತಾನೆ. ಶೂಟರ್ ಆಟದಲ್ಲಿ ಗುಂಡು ಹಾರಿಸುವ ಮೊದಲು ಇಷ್ಟು ಹೊತ್ತು ನಿಂತು ನೋಡುವ ಅಭ್ಯಾಸವನ್ನು ಲಕ್ಷಾಂತರ ಮಂದಿಗೆ ಕಲಿಸಿದ್ದು ಈ ಆಟ.

ಇನ್ನೊಂದು ಅಂಶವನ್ನು ನಾನು ಇದಕ್ಕೂ ಮುಖ್ಯವೆಂದು ತಿಳಿದಿದ್ದೇನೆ. ಸಾಮಾನ್ಯವಾಗಿ ಆಟವನ್ನು ಕಠಿಣಗೊಳಿಸುವುದೆಂದರೆ ಶತ್ರುಗಳ ಸಂಖ್ಯೆ, ಶಕ್ತಿ ಹೆಚ್ಚಿಸುವುದು. ಗೋಲ್ಡನ್‌ಐ ಅದನ್ನೂ ಮಾಡುತ್ತದೆ, ಅದರ ಜೊತೆಗೆ ಕೆಲಸವನ್ನೂ ಹೆಚ್ಚಿಸುತ್ತದೆ. ಏಜೆಂಟ್, ಸೀಕ್ರೆಟ್ ಏಜೆಂಟ್, 00 ಏಜೆಂಟ್ ಎಂಬ ಮೂರು ದರ್ಜೆಗಳಿವೆ. ಅಣೆಕಟ್ಟಿನ ಹಂತದಲ್ಲಿ ಏಜೆಂಟ್ ದರ್ಜೆಯವನಿಗೆ ಇರುವುದು ಒಂದೇ ಕೆಲಸ: ಕೊನೆಯ ಕಟ್ಟೆಯಿಂದ ಹಗ್ಗ ಕಟ್ಟಿಕೊಂಡು ಕೆಳಗೆ ಹಾರುವುದು. ಸಿನಿಮಾದಲ್ಲಿ ಸ್ವಿಟ್ಜರ್ಲೆಂಡಿನ ವೆರ್ಜಾಸ್ಕಾ ಕಣಿವೆಯ 220 ಮೀಟರ್ ಎತ್ತರದ ಅಣೆಕಟ್ಟಿನಿಂದ ಹಾರುವ ದೃಶ್ಯವೇ ಇಲ್ಲಿಗೆ ಬಂದಿದೆ. 00 ಏಜೆಂಟ್ ಆಗಿ ಅದೇ ಹಂತಕ್ಕೆ ಬಂದವನು ಸೈರನ್‌ಗಳನ್ನೆಲ್ಲ ನಾಶ ಮಾಡಬೇಕು, ಗುಟ್ಟಾಗಿ ಮೋಡೆಮ್ ಒಂದನ್ನು ಅಂಟಿಸಬೇಕು, ಮಾಹಿತಿಯ ಪ್ರತಿಯನ್ನು ಪಡೆಯಬೇಕು, ಆಮೇಲೆ ಹಾರಬೇಕು. ಅಣೆಕಟ್ಟು ಅದೇ, ಅದರ ಅರ್ಥ ಬೇರೆ. ಮೊದಲ ಸಲ ಸುಮ್ಮನೆ ದಾಟಿಹೋಗಿದ್ದ ಕೆಳಗಿನ ಸುರಂಗಗಳು ಈಗ ದಾರಿಯ ಭಾಗವಾಗುತ್ತವೆ. ಹಿಂದಿನ ವರ್ಷ ನಿಂಟೆಂಡೊ ತಂದಿದ್ದ ‘ಸೂಪರ್ ಮಾರಿಯೊ 64’ರಲ್ಲಿ ಒಂದೇ ಲೋಕಕ್ಕೆ ಬೇರೆ ಬೇರೆ ಗುರಿಯಿಟ್ಟುಕೊಂಡು ಮತ್ತೆ ಮತ್ತೆ ಹೋಗುವ ಕ್ರಮವಿತ್ತು, ಪ್ರೇರಣೆ ಅದರದೇ. ಆದರೆ ಆಟಗಾರನ ಅನುಕೂಲ ನೋಡದೆ ಕಟ್ಟಿದ ಜಾಗ ಇರದಿದ್ದರೆ ಈ ಪ್ರೇರಣೆ ಇಲ್ಲಿ ಫಲಿಸುತ್ತಿರಲಿಲ್ಲ. ಒಂದೇ ಉದ್ದೇಶಕ್ಕೆ ಅಳೆದು ಕಟ್ಟಿದ ಓಣಿಯಲ್ಲಿ ಎರಡನೆಯ ಉದ್ದೇಶಕ್ಕೆ ಎಡೆಯಿರುವುದಿಲ್ಲ. ಮೂಲೆಮುಡುಕುಗಳಿರುವ ಕಾರ್ಖಾನೆಯಲ್ಲಿ ಎಷ್ಟು ಕೆಲಸ ಬೇಕಾದರೂ ಹುದುಗಿಸಿಡಬಹುದು.

ಆ ರಾಸಾಯನಿಕ ಕಾರ್ಖಾನೆಯನ್ನೇ ಇನ್ನಷ್ಟು ನೋಡೋಣ. ಅಲ್ಲಿ ಬಿಳಿ ಕೋಟಿನ ವಿಜ್ಞಾನಿಗಳಿದ್ದಾರೆ. ಅವರಿಗೆ ಆದಷ್ಟು ಪೆಟ್ಟಾಗಬಾರದು ಎಂಬುದೇ ಒಂದು ಗುರಿ. ಅವರನ್ನು ಸಿಕ್ಕಾಪಟ್ಟೆ ಕೊಂದರೆ ಕಾರ್ಯಾಚರಣೆ ಸೋತಂತೆ. ಮೇಲಿನ ದರ್ಜೆಗಳಲ್ಲಿ ಅವರ ನಡುವೆ ಒಬ್ಬ ನಮ್ಮ ಕಡೆಯವನಿರುತ್ತಾನೆ: ಡಾಕ್ಟರ್ ಡೋಕ್. ತಂಡದ ಡೇವಿಡ್ ಡೋಕ್ ಅವರದೇ ಹೆಸರು ಅದು. ಪ್ರತಿ ಬಾರಿ ಅವನು ಬೇರೆ ಬೇರೆ ಜಾಗದಲ್ಲಿ ನಿಂತಿರುತ್ತಾನೆ. ಅವನನ್ನು ಹುಡುಕಿ, ಕೊಲ್ಲದೆ, ಮಾತಾಡಿಸಿದರೆ ಬಾಗಿಲು ತೆರೆಯುವ ಸಾಧನ ಕೈಗೆ ಬರುತ್ತದೆ. ಕಂಡವರಿಗೆಲ್ಲ ಗುಂಡು ಹೊಡೆಯುವ ಕೈ ಇಲ್ಲಿ ಸೋಲುತ್ತದೆ. ಎದುರಿಗಿರುವವನು ಯಾರು ಎಂದು ನೋಡಲು ಅರೆಕ್ಷಣ ಬೇಕು, ಆ ಅರೆಕ್ಷಣದಲ್ಲೇ ಬೆನ್ನಿಗೆ ಗುಂಡು ಬಿದ್ದೀತು. ಮುಂದಿನ ಹಂತಗಳಲ್ಲಿ ನಟಾಲಿಯಾ ಎಂಬ ಪ್ರೋಗ್ರಾಮರ್ ಕಂಪ್ಯೂಟರಿನೆದುರು ಕೂತು ಶತ್ರುವಿನ ಉಪಗ್ರಹದ ದಾರಿ ತಪ್ಪಿಸುವಾಗ ಅವಳನ್ನು ಕಾಯಬೇಕು. ಅವಳು ಸತ್ತರೆ ಎಲ್ಲ ಮುಗಿಯಿತು. ಪ್ರತಿ ಹಂತಕ್ಕೂ ಮುನ್ನ ಬಾಂಡ್‌ನ ಗುಪ್ತಚರ ಕಚೇರಿಯ ಎಂ, ಕ್ಯೂ, ಮನಿಪೆನಿ ಬರೆದ ಟಿಪ್ಪಣಿಗಳ ಕಡತವೊಂದು ತೆರೆದುಕೊಳ್ಳುತ್ತದೆ. ಅದನ್ನು ಓದದೆ ಹೋದವನಿಗೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. ಪರದೆಯ ಮೇಲೆ ದಾರಿ ತೋರಿಸುವ ಬಾಣವೂ ಇಲ್ಲ.

ನನ್ನ ವಾದಕ್ಕೆ ಬಲವಾದ ಆಕ್ಷೇಪ ಒಂದಿದೆ. ಈ ಆಟವನ್ನು ಜನ ನೆನೆಯುವುದು ಗೂಢಚಾರಿಕೆಗಾಗಿ ಅಲ್ಲವೇ ಅಲ್ಲ, ಒಂದೇ ಟಿವಿಯ ಮುಂದೆ ನಾಲ್ವರು ಕೂತು ಪರದೆಯನ್ನು ನಾಲ್ಕು ಪಾಲು ಮಾಡಿಕೊಂಡು ಒಬ್ಬರನ್ನೊಬ್ಬರು ಬೇಟೆಯಾಡಿದ್ದಕ್ಕಾಗಿ ಎನ್ನುತ್ತಾರೆ. ಈ ಮಾತಿನಲ್ಲಿ ಹುರುಳಿದೆ. ನಿಂಟೆಂಡೊ 64ಕ್ಕೆ ನಾಲ್ಕು ಕಂಟ್ರೋಲರ್ ಹಾಕುವ ಕಿಂಡಿಗಳಿದ್ದವು; ಕಂಪ್ಯೂಟರೂ ನೆಟ್‌ವರ್ಕೂ ಇಲ್ಲದ ಮನೆಗಳಿಗೆ ಈ ಪ್ರಕಾರದ ಪೈಪೋಟಿ ಹೀಗೆ ಮೊದಲು ಬಂತು. ಕುಳ್ಳನಾದ್ದರಿಂದ ಗುರಿಗೆ ಸುಲಭವಾಗಿ ಸಿಗದ ಆಡ್‌ಜಾಬ್ ಪಾತ್ರವನ್ನು ಯಾರೂ ಆರಿಸಿಕೊಳ್ಳಬಾರದು ಎಂಬ ಒಪ್ಪಂದ ದೇಶ ದೇಶಗಳ ಗೆಳೆಯರ ಗುಂಪುಗಳಲ್ಲಿ ಹುಟ್ಟಿಕೊಂಡದ್ದು ಆ ಪೈಪೋಟಿಯ ಬಿಸಿಗೆ ಸಾಕ್ಷಿ. ಆದರೆ ಈ ಭಾಗ ಆಟಕ್ಕೆ ಸೇರಿದ್ದು ತಯಾರಿಕೆಯ ಕೊನೆಯ ತಿಂಗಳುಗಳಲ್ಲಿ, ಬಹುಪಾಲು ಸ್ಟೀವ್ ಎಲಿಸ್ ಎಂಬ ಒಬ್ಬ ಪ್ರೋಗ್ರಾಮರ್‌ನ ದುಡಿಮೆಯಿಂದ. ಅದಕ್ಕಾಗಿಯೇ ಕೆಲವು ಅಖಾಡಗಳನ್ನು ಹೊಸದಾಗಿ ಕಟ್ಟಿದರು. ಉಳಿದವು ಕಾರ್ಖಾನೆ, ಬಂಕರ್, ದಾಖಲೆ ಕಚೇರಿಯಂಥ ಹಳೆಯ ಜಾಗಗಳು. ಆಟ ಮನೆಮನೆಗೆ ತಲುಪಲು ಈ ಭಾಗ ಕಾರಣ ಎಂಬುದನ್ನು ಒಪ್ಪುತ್ತೇನೆ. ಆದರೆ ಮನೆಮನೆಗೆ ತಲುಪಿದ್ದು ಬೇರೆ, ಆ ಪ್ರಕಾರವನ್ನೇ ತಿದ್ದಿದ್ದು ಬೇರೆ. ಕ್ವೇಕ್‌ನಲ್ಲಿ ಕಾದಾಟ ಮೊದಲೇ ಇತ್ತು, ಅದೂ ಹೆಚ್ಚು ವೇಗವಾಗಿ. ಕದ್ದು ನಡೆಯುವುದು, ಸೈರನ್ ತಡೆಯುವುದು, ಒಂದೇ ಜಾಗದಲ್ಲಿ ಪದರ ಪದರವಾಗಿ ಕೆಲಸ ಮಾಡುವುದು ಅಲ್ಲಿ ಇರಲಿಲ್ಲ.

ಎಲ್ಲ ಬಾಂಡ್ ಹೆಸರಿನ ಮಹಿಮೆ ಎನ್ನುವವರಿಗೆ ಉತ್ತರ ಸುಲಭ. ಆ ಹೆಸರು ಹೊತ್ತ ಆಟಗಳು ಆಮೇಲೂ ಬಂದವು. 2004ರಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್ ‘ಗೋಲ್ಡನ್‌ಐ: ರೋಗ್ ಏಜೆಂಟ್’ ತಂದಿತು. 2010ರಲ್ಲಿ ಆ್ಯಕ್ಟಿವಿಷನ್ ಇದೇ ಹೆಸರನ್ನೇ ಇಟ್ಟು ಬಾಂಡ್‌ನ ಜಾಗದಲ್ಲಿ ಡೇನಿಯಲ್ ಕ್ರೇಗ್ ಅವರನ್ನು ಕೂರಿಸಿತು. 1997ರ ಆಟಕ್ಕೆ ಸಿಕ್ಕ ಸ್ಥಾನ ಎರಡಕ್ಕೂ ಸಿಗಲಿಲ್ಲ.

ಆಟ ಈಗ ಹಳತಾಗಿದೆ, ಪರದೆ ತಡವರಿಸುತ್ತದೆ, ಕಾವಲುಗಾರರು ಮೂರ್ಖರು ಎಂಬ ದೂರು ಇನ್ನೊಂದು. ಇದು ನಿಜ. 12 ಮೆಗಾಬೈಟ್‌ನ ಕಾರ್ಟ್ರಿಡ್ಜ್, 4 ಮೆಗಾಬೈಟ್‌ನ ಮೆಮೊರಿ ಇಷ್ಟರಲ್ಲೇ ಎಲ್ಲವನ್ನೂ ಹಿಡಿಸಬೇಕಿತ್ತು. ನಾಲ್ಕಾರು ಜನ, ಒಂದೆರಡು ಸ್ಫೋಟ ಒಟ್ಟಿಗೆ ಬಂದರೆ ಚಿತ್ರ ಕುಂಟುತ್ತದೆ. ಕಾವಲುಗಾರರು ಒಂದೇ ಬಾಗಿಲಲ್ಲಿ ಒಬ್ಬರ ಹಿಂದೊಬ್ಬರು ಬಂದು ಸಾಯುವುದೂ ಉಂಟು. ಆದರೆ ಈ ಮಿತಿಗಳೊಳಗೆ ಆಟಗಾರರು ಮಾಡಿದ್ದನ್ನು ನೋಡಬೇಕು. ಒಂದೊಂದು ಹಂತವನ್ನು ಅತಿ ಕಡಿಮೆ ಸಮಯದಲ್ಲಿ ಮುಗಿಸುವ ಪಂದ್ಯ ಇಂದಿಗೂ ನಡೆಯುತ್ತಿದೆ. ನೆಲ ನೋಡುತ್ತ ಓಡಿದರೆ ಯಂತ್ರ ಬಿಡಿಸಬೇಕಾದ ಚಿತ್ರ ಕಡಿಮೆಯಾಗಿ ಆಟ ಚುರುಕಾಗುತ್ತದೆ ಎಂದು ಅವರು ಕಂಡುಕೊಂಡರು. ದಾರಿ ಕಣ್ಣಿಗೆ ಕಾಣದಿದ್ದರೂ ತಪ್ಪದಷ್ಟು ಆ ಕಟ್ಟಡಗಳು ಅವರಿಗೆ ಬಾಯಿಪಾಠ. ಅಣೆಕಟ್ಟನ್ನು ಏಜೆಂಟ್ ದರ್ಜೆಯಲ್ಲಿ 53 ಸೆಕೆಂಡಿನಲ್ಲಿ ಮುಗಿಸಿದ 2002ರ ದಾಖಲೆಯನ್ನು ಒಂದೇ ಒಂದು ಸೆಕೆಂಡು ಇಳಿಸಲು 2017ರವರೆಗೆ ಕಾಯಬೇಕಾಯಿತು. ಕಾವಲುಗಾರರ ಬುದ್ಧಿ ಮಂದವಾಗಿದ್ದರೂ ಜಾಗದ ಸತ್ವ ಇಷ್ಟು ವರ್ಷ ತಡೆದುಕೊಂಡಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಪುರಾವೆ ನನಗೆ ಕಾಣದು. ಕೊನೆಯ ಹಂತಕ್ಕೆ ಮಾದರಿಯಾದ ಪೋರ್ಟೊರಿಕೊದ ಅರೆಸಿಬೊ ರೇಡಿಯೊ ದೂರದರ್ಶಕ 2020ರ ಡಿಸೆಂಬರ್‌ನಲ್ಲಿ ಕುಸಿದುಬಿತ್ತು. ಅದರ ತೂಗುಕಟ್ಟೆಯ ಮೇಲೆ ಓಡಾಡಿದ ಅನುಭವ ಬೇಕೆಂದರೆ ಈಗ ಈ ಆಟಕ್ಕೇ ಬರಬೇಕು.

ಉಳಿದದ್ದು ನೈತಿಕ ಆಕ್ಷೇಪ, ಅದನ್ನು ಹಗುರವಾಗಿ ತಳ್ಳುವಂತಿಲ್ಲ. ಎಷ್ಟೇ ಗೂಢಚಾರಿಕೆ ಎಂದರೂ ಕೊನೆಗೆ ಇಲ್ಲಿ ನೂರಾರು ಜನ ಸಾಯುತ್ತಾರೆ. ಈ ಅಳುಕು ನಿಂಟೆಂಡೊ ಒಳಗೇ ಇತ್ತು. ಮಾರಿಯೊವಿನ ಜನಕ ಶಿಗೆರು ಮಿಯಾಮೊಟೊ ಕೊಲೆ ಅತಿಯಾಯಿತು ಎಂದು ಫ್ಯಾಕ್ಸ್ ಕಳಿಸಿದ್ದರು. ಆಟದ ಕೊನೆಯಲ್ಲಿ ಆಟಗಾರ ಆಸ್ಪತ್ರೆಗೆ ಹೋಗಿ ಶತ್ರುಗಳೆಲ್ಲರ ಕೈಕುಲುಕಿದರೆ ಹೇಗೆ ಎಂಬ ಸಲಹೆಯೂ ಅದರಲ್ಲಿತ್ತು. ಹಾಲಿಸ್ ಅದನ್ನು ಹಾಗೆಯೇ ಒಪ್ಪಲಿಲ್ಲ, ಆದರೆ ರಕ್ತದ ಪ್ರಮಾಣ ತಗ್ಗಿಸಿದರು, ಸಿನಿಮಾದಂತೆ ಪಾತ್ರಗಳನ್ನು ಪರಿಚಯಿಸುವ ಸರಣಿಯೊಂದನ್ನು ಸೇರಿಸಿ ಇದೆಲ್ಲ ನಟನೆ ಎಂದು ಸೂಚಿಸಿದರು. ಇದು ಸಾಲದು ಎನ್ನುವವರ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಆದರೂ ಕೊಲ್ಲಬಾರದವರು ಇರುವ ಲೋಕವನ್ನು ಶೂಟರ್ ಆಟಕ್ಕೆ ತಂದದ್ದು ಸಣ್ಣ ಹೆಜ್ಜೆಯಲ್ಲ. ಹೊಡೆಯಬೇಕೇ ಬೇಡವೇ ಎಂಬ ಪ್ರಶ್ನೆ ಅಲ್ಲಿ ಆಟದ ನಿಯಮದ ಭಾಗವಾಯಿತು. ಮಿಯಾಮೊಟೊ ಅವರ ಅಳುಕು ತಲುಪಬೇಕಿದ್ದ ಕಡೆಗೆ ಡಾಕ್ಟರ್ ಡೋಕ್‌ನ ಪ್ರಯೋಗಾಲಯ ಒಂದಿಷ್ಟು ದೂರ ನಡೆದಿದೆ.

ಈ ಆಟದ ತಂಡ ಮುಂದೆ ಚದುರಿತು. ರೇರ್ 2000ದಲ್ಲಿ ‘ಪರ್ಫೆಕ್ಟ್ ಡಾರ್ಕ್’ ತಂದಿತು; ಡೋಕ್, ಎಲಿಸ್, ಹಿಲ್ಟನ್ ಮೊದಲಾದವರು ಫ್ರೀ ರ‍್ಯಾಡಿಕಲ್ ಎಂಬ ಸ್ವಂತ ಕಂಪನಿ ಕಟ್ಟಿ ಅದೇ ವರ್ಷ ‘ಟೈಮ್‌ಸ್ಪ್ಲಿಟರ್ಸ್’ ಮಾಡಿದರು. ನಿಂಟೆಂಡೊ 64 ನಮ್ಮಲ್ಲಿ ಕಂಡವರು ಕಡಿಮೆ. ಆದರೆ 2000ದ ಕೊನೆಯಲ್ಲಿ ನಾರ್ವೆಯ ಇನ್ನರ್‌ಲೂಪ್ ತಂದ ‘ಪ್ರಾಜೆಕ್ಟ್ ಐಜಿಐ’ ಬೆಂಗಳೂರಿನಂಥ ಊರುಗಳ ಕಂಪ್ಯೂಟರುಗಳಲ್ಲಿ, ಸೈಬರ್ ಕೆಫೆಗಳಲ್ಲಿ ಬಹುಕಾಲ ಓಡಿತು. ವಿಶಾಲ ಸೈನಿಕ ನೆಲೆ, ದುರ್ಬೀನಿನಲ್ಲಿ ನೋಡಿ ದಾರಿ ಗೊತ್ತುಮಾಡಿಕೊಳ್ಳುವುದು, ಕ್ಯಾಮೆರಾ ತಪ್ಪಿಸುವುದು, ಸೈರನ್ ಕೂಗಿದರೆ ಕಾವಲುಗಾರರ ದಂಡು ಎದುರಿಸುವುದು: ಅದನ್ನು ಆಡಿದವರಿಗೆ ಗೋಲ್ಡನ್‌ಐ ಒಡನೆಯೇ ಪರಿಚಿತವೆನಿಸೀತು. 2023ರ ಜನವರಿಯಿಂದ ಗೋಲ್ಡನ್‌ಐ ನಿಂಟೆಂಡೊ ಸ್ವಿಚ್ ಮತ್ತು ಎಕ್ಸ್‌ಬಾಕ್ಸ್‌ನಲ್ಲಿ ಮತ್ತೆ ಸಿಗುತ್ತಿದೆ. ಹೊಸದಾಗಿ ಆಡುವವರು ಅಣೆಕಟ್ಟನ್ನು ಏಜೆಂಟ್ ದರ್ಜೆಯಲ್ಲಿ ಒಮ್ಮೆ ಮುಗಿಸಿ, ಮುಂದಿನ ಹಂತಕ್ಕೆ ಹೋಗದೆ, ಅದನ್ನೇ 00 ಏಜೆಂಟ್ ಆಗಿ ಆಡಿ ನೋಡಲಿ. ಎಂ ಬರೆದ ಕಡತವನ್ನು ಮಾತ್ರ ಮೊದಲು ಪೂರ್ತಿ ಓದಿಕೊಳ್ಳಬೇಕು.